ಗುಂಪು ಬಾಗಿಲಲ್ಲಿ, ಗಂಟು ವಾರ್ಡಿನಲ್ಲಿ

ಅಡಿಕೆ ಕೊನೆ ತೆಗೆಯುವ ಕಾಲದಲ್ಲಿ ಶಿವಮೊಗ್ಗದ ದೊಡ್ಡ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಕ್ಕೆ ಸಂಜೆ ಹೊತ್ತು ಬಂದರೆ, ಮರದಿಂದ ಬಿದ್ದ ಕೊನೆಗಾರ, ಹಾವು ಕಚ್ಚಿ ಹೊಸನಗರದ ಕಡೆಯಿಂದ 108ರಲ್ಲಿ ಬಂದ ಹೆಂಗಸು, ಎದೆ ಹಿಡಿದುಕೊಂಡು ಕೂತ ಹಿರಿಯರು ಒಟ್ಟಿಗೇ ಕಾಣಸಿಗುತ್ತಾರೆ. ಗುಂಪು ಕಂಡೊಡನೆ ಬರುವ ಸಲಹೆ, ‘ಇನ್ನೊಬ್ಬ ಡ್ಯೂಟಿ ಡಾಕ್ಟರನ್ನು ಹಾಕಿ’ ಎಂಬುದು. ಬಹಳ ಕಾಲ ನಾನೂ ಅದನ್ನೇ ಕೇಳುತ್ತಿದ್ದೆ.

ಸರತಿಯಲ್ಲಿ ಕಾಯುವ ಹೊತ್ತನ್ನು ಲೆಕ್ಕ ಹಾಕುವ ಗಣಿತವನ್ನು 1909ರಲ್ಲಿ ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ ಟೆಲಿಫೋನ್ ಕರೆಗಳಿಗಾಗಿ ಆರಂಭಿಸಿದರು. ಒಬ್ಬರೇ ವೈದ್ಯರು, ಒಬ್ಬ ರೋಗಿಗೆ ಸರಾಸರಿ 10 ನಿಮಿಷ, ಬರುವುದಕ್ಕೂ ನೋಡುವುದಕ್ಕೂ ನಿಶ್ಚಿತ ಕ್ರಮವಿಲ್ಲ ಎಂದಿಟ್ಟುಕೊಳ್ಳಿ. ವೈದ್ಯರ ಸಮಯದಲ್ಲಿ ಶೇ. 80ರಷ್ಟು ತುಂಬಿದ್ದರೆ ಸರಾಸರಿ ಕಾಯುವಿಕೆ 40 ನಿಮಿಷ, ಶೇ. 90 ತುಂಬಿದರೆ 90 ನಿಮಿಷ. ಹಾಸಿಗೆಯ ಲೆಕ್ಕ ಇನ್ನೂ ಸರಳ: ಗಂಟೆಗೆ 6 ಮಂದಿ ಬಂದು ತಲಾ 3 ಗಂಟೆ ಉಳಿದರೆ, ಒಳಗೆ ಯಾವಾಗಲೂ ಸರಾಸರಿ 18 ಮಂದಿ ಇರುತ್ತಾರೆ.

ಆದರೆ ನಿಜವಾದ ವಿಭಾಗ ಇಷ್ಟು ನೇರವಾಗಿಲ್ಲದ ಕಾರಣ, ರೋಗಿಗಳ ಆಗಮನ, ಪರೀಕ್ಷೆ, ಹಾಸಿಗೆ, ಸಿಬ್ಬಂದಿ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕಟ್ಟಿ, ನೂರಾರು ದಿನಗಳನ್ನು ಓಡಿಸಿ ನೋಡುವ ಸಿಮ್ಯುಲೇಷನ್ ಬೇಕಾಗುತ್ತದೆ. ಅದಕ್ಕೆ ಬೇಕಾದ ವೇಳೆಗಳನ್ನು ಹುಡುಕಲು ರಿಜಿಸ್ಟರ್ ತೆರೆದಾಗ ಬಂದ ಹೊತ್ತು ಇತ್ತು, ವಾರ್ಡಿಗೆ ಹೋದ ಹೊತ್ತು ಇರಲಿಲ್ಲ; ಬರೆದಿದ್ದ ವೇಳೆಗಳೂ ಎಲ್ಲ ಕಾಲುಗಂಟೆಯ ಲೆಕ್ಕದವು. ಕೊನೆಗೆ ಗಡಿಯಾರ ಹಿಡಿದು ನಾವೇ ನಿಂತೆವು. ಕೆಲವು ಹೊತ್ತನ್ನು ಯಾರೂ ಕುಗ್ಗಿಸಲಾರರು: ಮಂಡಲದ ಹಾವು ಕಚ್ಚಿದ ಶಂಕೆಯಿದ್ದರೆ ಸ್ವಚ್ಛವಾದ ಒಣ ಗಾಜಿನ ನಳಿಕೆಯಲ್ಲಿ ರಕ್ತ ಹಾಕಿ, ಅಲುಗಿಸದೆ 20 ನಿಮಿಷ ಬಿಟ್ಟು, ಓರೆಮಾಡಿ ಹೆಪ್ಪುಗಟ್ಟಿದೆಯೇ ಎಂದು ನೋಡಬೇಕು.

ಈ ಕಂಪ್ಯೂಟರ್ ಮಾದರಿಯಲ್ಲಿ ಎರಡನೇ ವೈದ್ಯರನ್ನು ಸೇರಿಸಿದಾಗ ರೋಗಿಗಳನ್ನು ಬೇಗ ನೋಡಿದ್ದಾಯಿತು, ಆದರೆ ಅವರು ವಾರ್ಡಿನ ಹಾಸಿಗೆಗಾಗಿ ಅಲ್ಲೇ ಮಲಗಿ ಕಾದರು. ರೌಂಡ್ಸ್ ಮುಗಿದು, ಡಿಸ್ಚಾರ್ಜ್ ಚೀಟಿ ಬರೆದು, ಬಿಲ್ ಕಟ್ಟಿ ಮುಗಿಯುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಕ್ಯಾಶುವಾಲ್ಟಿ ತುಂಬುವುದೂ ಅದೇ ಹೊತ್ತಿಗೆ. ಬಿಡುಗಡೆಯನ್ನು ಬೆಳಗಿಗೆ ಸರಿಸಿದ ಓಟದಲ್ಲಿ ಸರತಿ ಕರಗಿತು.

ಯಾವುದನ್ನು ಆರಿಸಬೇಕೆಂಬುದು ನಿರ್ಧಾರ ವಿಶ್ಲೇಷಣೆಯ ಕೆಲಸ. ಖರ್ಚಿನ ಜೊತೆಗೆ, ಅವಸರದಲ್ಲಿ ಮನೆಗೆ ಕಳಿಸಿದವರು ಆಗುಂಬೆಯಿಂದ ಮತ್ತೆ ಬರಬೇಕಾದ ಸಾಧ್ಯತೆಯನ್ನೂ ತೂಗಬೇಕು. ಸರಾಸರಿ ಕಾಯುವಿಕೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದು ತಪ್ಪೆಂದು ನನ್ನ ಅಭಿಪ್ರಾಯ. ಕಾಲು ಉಳುಕಿದವರು ಒಂದು ಗಂಟೆ ಕಾಯಬಹುದು, ಕೆಂಪು ಪಟ್ಟಿಯವರು, ಅಂದರೆ ಪ್ರಾಣಾಪಾಯದಲ್ಲಿರುವವರು, ಕಾಯಲಾಗದು. ಆದ್ದರಿಂದ ಕೆಂಪು ಪಟ್ಟಿಯವರಲ್ಲಿ ಎಷ್ಟು ಮಂದಿಗೆ ತಡವಾಯಿತು ಎಂಬುದನ್ನೇ ನೋಡಿದೆವು.

ಈಗ ಮರುದಿನ ಹೊರಡುವವರ ಚೀಟಿಯನ್ನು ಹಿಂದಿನ ರಾತ್ರಿಯೇ ಬರೆದಿಡುತ್ತೇವೆ. ರಾತ್ರಿ ಪಾಳಿಯ ಕಿರಿಯ ವೈದ್ಯರು ಗೊಣಗುತ್ತಾರೆ, ಅದರಲ್ಲಿ ತಪ್ಪೇನಿಲ್ಲ: ಆ ಬರವಣಿಗೆಗೆ ತಗಲುವ ಹೊತ್ತನ್ನು ನಮ್ಮ ಮಾದರಿಗೆ ಸೇರಿಸಲು ನಾವೇ ಮರೆತಿದ್ದೆವು.