‘ಶುಗರ್’ ಹುಟ್ಟಿದ್ದು ನಮ್ಮ ಸಕ್ಕರೆಯಿಂದಲೇ?

ಪ್ರಶ್ನೆ: ಇಂಗ್ಲಿಷಿನ ‘ಶುಗರ್’, ಕನ್ನಡದ ‘ಸಕ್ಕರೆ’ ಕಿವಿಗೆ ಇಷ್ಟು ಹತ್ತಿರವಾಗಿ ಕೇಳಿಸುತ್ತವೆ. ಅವರು ನಮ್ಮಿಂದ ಪಡೆದರೋ, ನಾವು ಅವರಿಂದ ಪಡೆದೆವೋ? ‘ಎಸ್’ ಅಕ್ಷರದಿಂದ ಬರೆದು ‘ಶ’ ಎಂದು ಓದುವುದೇಕೆ?
– ಜಮಖಂಡಿಯ ಓದುಗರೊಬ್ಬರು

ಉತ್ತರ: ಕಬ್ಬು ನುರಿಸುವ ಹಂಗಾಮು ಶುರುವಾಗಿ ಮುಧೋಳ, ಜಮಖಂಡಿಯ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳು ಕಬ್ಬು ಹೇರಿಕೊಂಡು ಸಾಲುಗಟ್ಟಿ ನಿಂತಾಗ ಈ ಪ್ರಶ್ನೆ ಯಾರಿಗಾದರೂ ಹೊಳೆಯಬೇಕಾದದ್ದೇ. ಕಾರ್ಖಾನೆಯ ಫಲಕದ ಮೇಲೆ ‘ಶುಗರ್ಸ್’ ಎಂದಿರುತ್ತದೆ, ಒಳಗಿನಿಂದ ಹೊರಬೀಳುವ ಚೀಲದಲ್ಲಿ ಸಕ್ಕರೆ ಇರುತ್ತದೆ.

ನೇರವಾಗಿ ಯಾರೂ ಯಾರಿಂದಲೂ ಪಡೆಯಲಿಲ್ಲ. ಎರಡೂ ಪದಗಳು ಸಂಸ್ಕೃತದ ‘ಶರ್ಕರಾ’ ಎಂಬ ಒಂದೇ ಮನೆಯಿಂದ ಹೊರಟಿವೆ. ಪ್ರಾಕೃತದವರ ಬಾಯಲ್ಲಿ ಅದು ‘ಸಕ್ಕರಾ’ ಆಯಿತು. ಕನ್ನಡ ಕೊನೆಯ ಸ್ವರವನ್ನು ತನ್ನ ಹದಕ್ಕೆ ತಂದುಕೊಂಡು ‘ಸಕ್ಕರೆ’ ಎಂದಿತು. ನಮ್ಮ ದಾರಿ ಇಷ್ಟು ಹತ್ತಿರದ್ದು. ಇಂಗ್ಲಿಷಿನದು ಸುತ್ತುಬಳಸಿನ ದಾರಿ. ಪಾರಸಿಯ ಶಕರ್, ಅರಬ್ಬಿಯ ಸುಕ್ಕರ್, ಮಧ್ಯಯುಗದ ಲ್ಯಾಟಿನ್ನಿನ ಸುಕ್ಕಾರಮ್, ಹಳೆಯ ಫ್ರೆಂಚಿನ ಸುಕ್ರ್ ಇವನ್ನೆಲ್ಲ ದಾಟಿ, 13ನೆಯ ಶತಮಾನದ ಕೊನೆಯ ಹೊತ್ತಿಗೆ ಅದು ಇಂಗ್ಲೆಂಡ್ ಮುಟ್ಟಿತು. ಅಲ್ಲಿಯವರೆಗೆ ಅಲ್ಲಿನ ಜನರಿಗೆ ಸಿಹಿ ಎಂದರೆ ಮುಖ್ಯವಾಗಿ ಜೇನು. ಸ್ಪೇನಿನವರು ಪದದ ಜೊತೆಗೆ ಅರಬ್ಬಿಯ ‘ಅಲ್’ ಉಪಪದವನ್ನೂ ಅಂಟಿಸಿಕೊಂಡುಬಿಟ್ಟರು. ಹಾಗಾಗಿ ಅವರ ಸಕ್ಕರೆಯ ಹೆಸರು ಇಂದಿಗೂ ‘ಅ’ಕಾರದಿಂದಲೇ ಆರಂಭವಾಗುತ್ತದೆ.

ನನಗೆ ಈ ದಾರಿಗಿಂತ ಹೆಚ್ಚು ರುಚಿಸುವುದು ಮೂಲದ ಅರ್ಥ. ಶರ್ಕರಾ ಎಂದರೆ ಮೊದಲಿಗೆ ಸಿಹಿಯಲ್ಲ. ಮರಳು, ಗರಸು, ಸಣ್ಣ ಹರಳುಕಲ್ಲು. ಕಬ್ಬಿನ ಹಾಲು ಕುದಿದು ಹರಳುಗಟ್ಟಿದಾಗ ನೋಡಿದವರಿಗೆ ಅದು ಹಳ್ಳದ ದಂಡೆಯ ಮರಳಿನಂತೆ ಕಂಡಿತು, ಹಾಗೆಯೇ ಕರೆದರು. ನಾಲಿಗೆಗಿಂತ ಕಣ್ಣು ಮತ್ತು ಬೆರಳು ಮೊದಲು ಹೆಸರಿಟ್ಟವು. ಅರ್ಥಶಾಸ್ತ್ರದಲ್ಲಿ ಕಬ್ಬಿನಿಂದ ಬರುವ ವಸ್ತುಗಳ ಸಾಲೊಂದಿದೆ: ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ. ಇದರಲ್ಲಿ ಫಾಣಿತವೆಂದರೆ ಗಟ್ಟಿ ಕುದಿಸಿದ ರಸ, ಹೆಚ್ಚುಕಡಿಮೆ ನಮ್ಮ ಜೋನಿಬೆಲ್ಲ. ಗುಡವೆಂದರೆ ಉಂಡೆ. ಮತ್ಸ್ಯಂಡಿಕಾ ಎಂಬ ಹೆಸರಿನಲ್ಲಿ ಮೀನಿನ ಮೊಟ್ಟೆಯ ನೆನಪಿದೆ. ಖಂಡವೆಂದರೆ ತುಂಡು. ಗಾಣದ ಮುಂದೆ, ಕೊಪ್ಪರಿಗೆಯ ಪಕ್ಕ ನಿಂತವರು ಮಾತ್ರ ಇಡಬಲ್ಲ ಹೆಸರುಗಳಿವು. ನಮ್ಮ ಕಲ್ಲುಸಕ್ಕರೆಯನ್ನು ಧಾತುವಿಗೆ ಸರಿಯಾಗಿ ಬಿಡಿಸಿದರೆ ‘ಕಲ್ಲು ಹರಳುಕಲ್ಲು’ ಎಂದಾಗುತ್ತದೆ. ಅದನ್ನು ಕಡಿದು ಹಲ್ಲು ನೋಯಿಸಿಕೊಂಡವರು ಒಪ್ಪಿಯಾರು.

ಗ್ರೀಕರಿಗೂ ಹಾಗೆಯೇ ತೋರಿತ್ತು. ಒಂದನೆಯ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ‘ಸಕ್ಖರಾನ್’ ಎಂಬುದನ್ನು ವರ್ಣಿಸುತ್ತ, ಅದು ಭಾರತದ ಜೊಂಡಿನಲ್ಲಿ ಸಿಗುವ ಗಟ್ಟಿಯಾದ ಜೇನು, ಹಲ್ಲಿಗೆ ಸಿಕ್ಕರೆ ಉಪ್ಪಿನಂತೆ ಪುಡಿಯಾಗುತ್ತದೆ ಎಂದು ಬರೆದಿದ್ದಾನೆ. ಈ ಗ್ರೀಕ್ ಕವಲಿನಿಂದಲೇ ಕಬ್ಬಿನ ಸಸ್ಯಶಾಸ್ತ್ರೀಯ ಹೆಸರು ಸ್ಯಾಕರಮ್ ಬಂದಿದೆ, 1879ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಸಿಕ್ಕ ಕೃತಕ ಸಿಹಿ ಸ್ಯಾಕರಿನ್‌ನ ಹೆಸರು ಕೂಡ. ಸ್ಯಾಕರಿನ್‌ನಲ್ಲಿ ಸಕ್ಕರೆಯ ಹೆಸರಿದೆ, ಸಕ್ಕರೆ ಎಳ್ಳಷ್ಟೂ ಇಲ್ಲ.

ಮೇಲಿನ ಸಾಲಿನಲ್ಲಿದ್ದ ‘ಖಂಡ’ ಕೂಡ ಸುಮ್ಮನೆ ಕೂರಲಿಲ್ಲ. ಪಾರಸಿ, ಅರಬ್ಬಿ, ಫ್ರೆಂಚ್ ದಾಟಿ ಮಕ್ಕಳು ಕೇಳುವ ‘ಕ್ಯಾಂಡಿ’ ಆಯಿತು. ಇನ್ನೂ ಸೊಗಸಿನ ಸಂಗತಿ ‘ಜಾಗರಿ’ಯದು. ಇಂಗ್ಲಿಷಿನಲ್ಲಿ ಬೆಲ್ಲಕ್ಕಿರುವ ಈ ಹೆಸರನ್ನು ಪೋರ್ಚುಗೀಸರು ಮಲಬಾರಿನ ಕರಾವಳಿಯಲ್ಲಿ ಮಲಯಾಳದ ‘ಚಕ್ಕರ’ದಿಂದ ಎತ್ತಿಕೊಂಡರು. ಚಕ್ಕರದ ಮೂಲವೂ ಶರ್ಕರಾ. ಅಂದರೆ ಶುಗರ್ ಮತ್ತು ಜಾಗರಿ ಒಂದೇ ಪದ; ಒಂದು ನೆಲದ ದಾರಿ ಹಿಡಿಯಿತು, ಇನ್ನೊಂದು ಹಡಗು ಹತ್ತಿತು. ನಮ್ಮ ‘ಬೆಲ್ಲ’ ಮಾತ್ರ ಈ ಬಳಗಕ್ಕೆ ಸೇರಿದ್ದಲ್ಲ. ಅದು ತಮಿಳಿನ ‘ವೆಲ್ಲಂ’ ಜೊತೆಗಿನ ದ್ರಾವಿಡ ಪದ. ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ವ್ಯಾಪಾರ ಮಾಡುವವರು ಈ ಒಂದು ವಿಷಯದಲ್ಲಿ ಬೀಗಬಹುದು.

ಇನ್ನು ಉಚ್ಚಾರಣೆ. ಸಂಸ್ಕೃತದ ‘ಶ’ಕಾರವೇ ಇಂಗ್ಲಿಷಿನಲ್ಲಿ ಉಳಿದುಬಂದಿದೆ ಎಂದು ಕೆಲವರು ಹೆಮ್ಮೆಯಿಂದ ಹೇಳುವುದುಂಟು. ಅದು ಸರಿಯಲ್ಲ. ನಡುವಿನ ಅರಬ್ಬಿ, ಲ್ಯಾಟಿನ್, ಫ್ರೆಂಚ್‌ಗಳಲ್ಲಿ ಅದು ‘ಸ’ವಾಗಿಯೇ ಇತ್ತು. ಇಂಗ್ಲಿಷಿಗೆ ಬಂದ ಮೇಲೆ ‘ಸ್ಯು’ ಎಂದು ಉಚ್ಚರಿಸುತ್ತಿದ್ದುದು ಕ್ರಮೇಣ ‘ಶು’ ಆಯಿತು. ‘ಶ್ಯೂರ್’, ‘ಇಶ್ಯೂ’, ‘ಟಿಶ್ಯೂ’ ಪದಗಳಿಗೂ ಆದದ್ದು ಇದೇ. ಕಾಗುಣಿತ ಮಾತ್ರ ಹಳೆಯದೇ ಉಳಿಯಿತು.

ಅರ್ಥಗಳ ವಿಷಯಕ್ಕೆ ಬಂದರೆ, ಇಂಗ್ಲಿಷಿನಲ್ಲಿ ಅದು ಅಡುಗೆಮನೆಯ ಡಬ್ಬಿಯಲ್ಲಿ ನಿಲ್ಲುವುದಿಲ್ಲ. ಪ್ರೀತಿಪಾತ್ರರನ್ನು ಶುಗರ್ ಎಂದು ಕರೆಯುತ್ತಾರೆ. ಕಹಿ ಗುಳಿಗೆಗೆ ಸಕ್ಕರೆಯ ಲೇಪ ಹಚ್ಚುವ ರೂಢಿಯಿಂದ, ಕೆಟ್ಟ ಸುದ್ದಿಯನ್ನು ನಯವಾಗಿ ಹೇಳುವುದಕ್ಕೂ ‘ಶುಗರ್ ಕೋಟ್’ ಎನ್ನುತ್ತಾರೆ. ಅದರಲ್ಲಿ ಸ್ವಲ್ಪ ಅನುಮಾನದ ದನಿ ಇರುತ್ತದೆ. ಸಂಕ್ರಾಂತಿಗೆ ನಮ್ಮ ಕಡೆ ಹಂಚುವ ಕುಸುರೆಳ್ಳು ಕೂಡ ಸಕ್ಕರೆ ಲೇಪಿಸಿದ ಎಳ್ಳೇ. ಅದನ್ನು ಕೈಗಿಟ್ಟು ‘ಒಳ್ಳೆಯ ಮಾತಾಡಿ’ ಎನ್ನುತ್ತೇವೆ, ಒಳಗೆ ಏನು ಬಚ್ಚಿಟ್ಟಿದ್ದಾರೋ ಎಂದು ಯಾರೂ ಶಂಕಿಸುವುದಿಲ್ಲ. ಪತ್ರಿಕೆಯ ಅಪರಾಧ ಸುದ್ದಿಯಲ್ಲಿ ಬರುವ ‘ಬ್ರೌನ್ ಶುಗರ್’ ಅಂತೂ ಹೆರಾಯಿನ್. ಕಂದು ಸಕ್ಕರೆ ಎಂದು ಅನುವಾದಿಸಿದರೆ ಅನರ್ಥ.

ರಸಾಯನಶಾಸ್ತ್ರದಲ್ಲಿ ಶುಗರ್ ಒಂದು ವಸ್ತುವಲ್ಲ, ಒಂದು ಕುಲ. ಗ್ಲುಕೋಸ್, ಹಣ್ಣಿನ ಫ್ರುಕ್ಟೋಸ್, ಹಾಲಿನ ಲ್ಯಾಕ್ಟೋಸ್ ಎಲ್ಲವೂ ಅದರೊಳಗೇ. ನಾವು ಚಹಾಕ್ಕೆ ಹಾಕುವುದು ಸುಕ್ರೋಸ್. ಪೊಟ್ಟಣದ ಮೇಲೆ ‘ಸಕ್ಕರೆ ಸೇರಿಸಿಲ್ಲ’ ಎಂದಿದ್ದರೂ ಹಿಂಬದಿಯ ಪಟ್ಟಿಯಲ್ಲಿ ‘ಒಟ್ಟು ಶುಗರ್ಸ್’ ಎದುರು ಗ್ರಾಂಗಳ ಲೆಕ್ಕ ಕಾಣುವುದು ಇದೇ ಕಾರಣಕ್ಕೆ. ಅಲ್ಲಿನ ಬಹುವಚನವನ್ನು ಗಮನಿಸಿ ಓದಬೇಕು.

ಕನ್ನಡಕ್ಕೆ ‘ಶುಗರ್’ ಮರಳಿ ಬಂದದ್ದು ಕಾಯಿಲೆಯ ಹೆಸರಾಗಿ. ಕಿರಾಣಿ ಅಂಗಡಿಯಲ್ಲಿ ‘ಎರಡು ಕಿಲೋ ಸಕ್ಕರೆ’ ಕೇಳುವವರೇ ದವಾಖಾನೆಯಲ್ಲಿ ‘ನನಗೆ ಶುಗರ್ ಇದೆ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿಯೂ ರಕ್ತದ ಸಕ್ಕರೆಯ ಮಟ್ಟವನ್ನು ಶುಗರ್ ಎನ್ನುವುದಿದೆ, ಆದರೆ ರೋಗವನ್ನೇ ಹಾಗೆ ಕರೆಯುವುದು ನಮ್ಮಲ್ಲಿ ಹೆಚ್ಚು. ಇದು ತಪ್ಪಲ್ಲ; ಅಡುಗೆಗೆ ಒಂದು ಪದ, ಆಸ್ಪತ್ರೆಗೆ ಒಂದು ಪದ ಎಂದು ಭಾಷೆ ತಾನೇ ಹಂಚಿಕೊಂಡಿದೆ. ಆದರೆ ಸುಶ್ರುತನ ಕಾಲದ ವೈದ್ಯನ ಮುಂದೆ ನಿಂತು ‘ನನಗೆ ಶರ್ಕರಾ ಇದೆ’ ಎಂದರೆ ಅವನು ಸಿಹಿ ಬಿಡಿಸುತ್ತಿರಲಿಲ್ಲ. ಆಯುರ್ವೇದದಲ್ಲಿ ಮೂತ್ರದೊಂದಿಗೆ ಬೀಳುವ ಕಲ್ಲಿನ ಹರಳಿಗೇ ಶರ್ಕರಾ ಎಂದು ಹೆಸರು. ಸಿಹಿಮೂತ್ರಕ್ಕೆ ಅವರು ಆರಿಸಿಕೊಂಡದ್ದು ಜೇನನ್ನು: ಮಧುಮೇಹ.