ಚೈನ್‌ಸಾ ಕೊಳ್ಳುವಾಗ ಬ್ರಾಂಡ್ ಎಷ್ಟು ಮುಖ್ಯ?

"ಸ್ಟಿಲ್ ತಗೊಳ್ಳಲಾ, ಹಸ್ಕ್ವರ್ನಾ ತಗೊಳ್ಳಲಾ?" ಚೈನ್‌ಸಾ ರಿಪೇರಿ ಮಾಡುವ ನನ್ನನ್ನು ಜನ ಹೆಚ್ಚಾಗಿ ಕೇಳುವುದು ಇದನ್ನೇ. ಎರಡೂ ಒಳ್ಳೆಯವೇ. ಸ್ಟಿಲ್ ಜರ್ಮನಿಯದು, 1926ರಲ್ಲಿ ಶುರುವಾದದ್ದು. ಹಸ್ಕ್ವರ್ನಾ ಸ್ವೀಡನ್ನಿನದು. 1689ರಲ್ಲಿ ಬಂದೂಕಿನ ಕಾರ್ಖಾನೆಯಾಗಿ ಹುಟ್ಟಿದ ಅದು ಚೈನ್‌ಸಾ ಮಾಡತೊಡಗಿದ್ದು 1959ರಲ್ಲಿ. ಜಪಾನಿನ ಎಕೋವನ್ನೂ ನಾನು ಧೈರ್ಯವಾಗಿ ಇವುಗಳ ಪಕ್ಕದಲ್ಲಿ ಇಡುತ್ತೇನೆ. ಆದರೆ ಈ ಬ್ರಾಂಡ್‌ಗಳ ನಡುವೆ ಇರುವುದಕ್ಕಿಂತ ದೊಡ್ಡ ವ್ಯತ್ಯಾಸ ಒಂದೇ ಬ್ರಾಂಡಿನ ಎರಡು ಮಾಡೆಲ್‌ಗಳ ನಡುವೆ ಇರುತ್ತದೆ.

ಸ್ಟಿಲ್‌ನ ಎಂಎಸ್ 271 ಮತ್ತು ಎಂಎಸ್ 261 ತಗೊಳ್ಳಿ. ಎರಡಕ್ಕೂ 50.2 ಸಿಸಿ ಇಂಜಿನ್. 271ರ ಶಕ್ತಿ 2.6 ಕಿಲೋವ್ಯಾಟ್, ಬಾರ್ (ಚೈನ್ ಸುತ್ತುವ ಉದ್ದನೆಯ ಲೋಹದ ಪಟ್ಟಿ) ಮತ್ತು ಚೈನ್ ಬಿಟ್ಟು ತೂಕ 5.6 ಕೆಜಿ. 261ರ ಶಕ್ತಿ 3 ಕಿಲೋವ್ಯಾಟ್, ತೂಕ ಮಾತ್ರ 4.9 ಕೆಜಿ. ಹಸ್ಕ್ವರ್ನಾದಲ್ಲೂ ಇದೇ ಕತೆ. 450 ಮತ್ತು 550 ಎಕ್ಸ್‌ಪಿ ಸಿಸಿಯಲ್ಲಿ ಹೆಚ್ಚುಕಡಿಮೆ ಒಂದೇ, ಶಕ್ತಿಯಲ್ಲಿ ಬೇರೆ. 261, 550 ಎಕ್ಸ್‌ಪಿಯಂಥ, ದಿನವಿಡೀ ಮರ ಕಡಿಯುವವರಿಗೆಂದು ಮಾಡಿದ ಗರಗಸದ ಕ್ರ್ಯಾಂಕ್‌ಕೇಸ್, ಅಂದರೆ ಇಂಜಿನ್ನಿನ ಕೆಳಗಿನ ಕವಚ, ಮೆಗ್ನೀಸಿಯಮ್‌ನದು. ಸಿಲಿಂಡರನ್ನು ಬೇರೆಯಾಗಿ ಬಿಚ್ಚಬಹುದು, ಹಾಗಾಗಿ ರಿಪೇರಿ ಸಲೀಸು. ಮನೆಬಳಕೆಯದರಲ್ಲಿ ಇಂಜಿನ್ ಸಾಮಾನ್ಯವಾಗಿ ಪ್ಲಾಸ್ಟಿಕ್ ಮೈಯೊಳಗೆ ಕೂತಿರುತ್ತದೆ. ಸಿಲಿಂಡರ್ ಕೆಟ್ಟರೆ ಇಡೀ ಇಂಜಿನ್ನನ್ನೇ ಹೊರಗೆ ತೆಗೆಯಬೇಕು. ಎಕೋದ ಸಿಎಸ್-590 ನನಗೆ ಇಷ್ಟವಾಗುವುದು ಇದಕ್ಕೇ. ಅದು ಮಧ್ಯಮ ದರ್ಜೆಯ ಗರಗಸ, ಆದರೂ ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಮ್‌ನದೇ.

ಹಾಗಂತ ಎಲ್ಲರಿಗೂ ದುಬಾರಿಯದೇ ಬೇಕಾ? ಬೇಡ. ಸೌದೆ ಕೊಯ್ಯುವಾಗ ದಿಮ್ಮಿ ನೆಲದ ಮೇಲಿರುತ್ತದೆ, ಗರಗಸದ ಭಾರವನ್ನು ಮರವೇ ಹೊರುತ್ತದೆ. ವರ್ಷಕ್ಕೆ ಕೆಲವು ದಿನ ಸೌದೆ ಮಾಡಿಕೊಳ್ಳುವವರಿಗೆ 45ರಿಂದ 50 ಸಿಸಿಯ, 16 ಇಂಚು ಬಾರಿನ ಮನೆಬಳಕೆ ಮಾಡೆಲ್ ಧಾರಾಳವಾಗಿ ಸಾಕು. ಮರ ತೆರವು ಮಾಡುವ ಕೆಲಸ ಬೇರೆ. ಕೊಂಬೆಯಿಂದ ಕೊಂಬೆಗೆ ಗರಗಸವನ್ನು ಎತ್ತಿ ಹಿಡಿದೇ ಓಡಾಡಬೇಕು. ಒಂದು ಕೆಜಿ ಕಡಿಮೆಯಾದರೂ ಸಂಜೆ ಹೊತ್ತಿಗೆ ತೋಳಿಗೆ ಗೊತ್ತಾಗುತ್ತದೆ. ಅಲ್ಲಿ 35–40 ಸಿಸಿಯ ಹಗುರ ಗರಗಸ ಒಂದಿರಲಿ. ದಪ್ಪ ಬುಡಗಳು ಜಾಸ್ತಿ ಇದ್ದರೆ ಮಾತ್ರ 60 ಸಿಸಿ ದಾಟಿದ್ದನ್ನು ಜೊತೆಗೆ ಇಟ್ಟುಕೊಳ್ಳಿ. ಸಣ್ಣ ಇಂಜಿನ್ನಿಗೆ ಉದ್ದ ಬಾರ್ ಹಾಕಿಸಿಕೊಂಡು ಬರುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಇಂಜಿನ್ ಏದುಸಿರು ಬಿಡುತ್ತದೆ, ಕ್ಲಚ್ ಸುಡುತ್ತದೆ.

ರಿಪೇರಿಗೆ ಬರುವ ಗರಗಸಗಳ ಕಾಯಿಲೆ ಬ್ರಾಂಡ್ ನೋಡಿ ಬರುವುದಿಲ್ಲ. ಮೊದಲನೆಯದು ಹಳೇ ಪೆಟ್ರೋಲ್. ಟೂ-ಸ್ಟ್ರೋಕ್ ಆಯಿಲ್ ಬೆರೆಸಿದ ಪೆಟ್ರೋಲನ್ನು ತಿಂಗಳಿಗಿಂತ ಹೆಚ್ಚು ಇಡಬಾರದು. ತಿಂಗಳುಗಟ್ಟಲೆ ಟ್ಯಾಂಕಿನಲ್ಲೇ ಬಿಟ್ಟರೆ ಕಾರ್ಬುರೇಟರಿನ ಒಳಗಿನ ಡಯಾಫ್ರಾಮ್ ಎಂಬ ತೆಳು ಪೊರೆ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಎಳೆದರೂ ಸ್ಟಾರ್ಟ್ ಆಗುವುದಿಲ್ಲ. ಎರಡನೆಯದು ಆಯಿಲ್ ಇಲ್ಲದ ಪೆಟ್ರೋಲ್. ಈಗಿನ ಬಹುತೇಕ ಗರಗಸಗಳಿಗೆ 50:1, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್. ಅಷ್ಟನ್ನು ಮರೆತರೆ ಪಿಸ್ಟನ್ ಗೀರಿಕೊಂಡು ಸೀಜ್ ಆಗುತ್ತದೆ. ಅಲ್ಲಿ ಯಾವ ಹೆಸರಾಂತ ಬ್ರಾಂಡೂ ಕಾಪಾಡುವುದಿಲ್ಲ.

ಮೂರನೆಯದು ಮೊಂಡು ಚೈನ್. ಇದರ ಬಗ್ಗೆ ನಾನು ಎಷ್ಟು ಹೇಳಿದರೂ ಕಡಿಮೆಯೇ. ಇವತ್ತಿನ ಚೈನಿನ ಹಲ್ಲಿನ ಆಕಾರ ಹೊಳೆದದ್ದು ಅಮೆರಿಕದ ಜೋಸೆಫ್ ಕಾಕ್ಸ್ ಎಂಬವರಿಗೆ, ಮರ ಕೊರೆಯುವ ಹುಳುವಿನ ದವಡೆ ನೋಡಿ. ಅವರು 1947ರಲ್ಲಿ ಕಟ್ಟಿದ ಕಂಪನಿಯೇ ಈಗಿನ ಒರೆಗಾನ್. ಆ ಹಲ್ಲು ಮರವನ್ನು ಚಕ್ಕೆಯಾಗಿ ಎತ್ತಬೇಕು. ಚಕ್ಕೆಯ ಬದಲು ಹಿಟ್ಟಿನಂಥ ಪುಡಿ ಉದುರಿದರೆ ಹಲ್ಲು ಮೊಂಡಾಗಿದೆ ಅಂತ ಅರ್ಥ. ಗರಗಸವನ್ನು ಒತ್ತಬೇಡಿ, ನಿಲ್ಲಿಸಿ ಅರ ಹಿಡಿಯಿರಿ. .325 ಇಂಚು ಪಿಚ್ (ಕೊಂಡಿಗಳ ನಡುವಿನ ಅಂತರದ ಅಳತೆ) ಚೈನಿಗೆ 4.8 ಮಿಮೀ ದುಂಡನೆಯ ಅರ, ಸಣ್ಣ ಗರಗಸಗಳ 3/8 ಇಂಚಿನ ಲೋ ಪ್ರೊಫೈಲ್ (ತಗ್ಗು ಹಲ್ಲಿನ) ಚೈನಿಗೆ 4 ಮಿಮೀ. ಪ್ರತಿ ಹಲ್ಲಿಗೂ ಒಂದೇ ಕೋನ, ಒಂದೇ ಸಂಖ್ಯೆಯ ಎಳೆತ. ಒಂದು ಬದಿಯ ಹಲ್ಲುಗಳನ್ನು ಜಾಸ್ತಿ ಅರೆದರೆ ಗರಗಸ ಓರೆಯಾಗಿ ಕೊಯ್ಯುತ್ತದೆ. ಚೂಪು ಚೈನಿರುವ ಸಾಧಾರಣ ಗರಗಸ ಮೊಂಡು ಚೈನಿರುವ ದುಬಾರಿ ಗರಗಸವನ್ನು ಸುಲಭವಾಗಿ ಹಿಂದೆ ಹಾಕುತ್ತದೆ.

ಹೊಸ ಚೈನ್ ಕೊಳ್ಳುವಾಗ ಗರಗಸದ ಹೆಸರು ಹೇಳಿದರೆ ಸಾಲದು. ಪಿಚ್, ಗೇಜ್ (ಬಾರಿನ ಸಂದಿಯಲ್ಲಿ ಕೂರುವ ಕೊಂಡಿಯ ದಪ್ಪ), ಡ್ರೈವ್ ಲಿಂಕ್‌ಗಳ (ಆ ಕೊಂಡಿಗಳ) ಸಂಖ್ಯೆ, ಈ ಮೂರೂ ಬೇಕು. ಸಾಮಾನ್ಯವಾಗಿ ಬಾರ್ ಮೇಲೆ ಅಚ್ಚಾಗಿರುತ್ತವೆ. 1.6 ಮಿಮೀ ಗೇಜಿನ ಚೈನ್ 1.3ರ ಬಾರಿನ ಸಂದಿಗೆ ಕೂರುವುದೇ ಇಲ್ಲ.

ಹಾಗಾದರೆ ಬ್ರಾಂಡ್ ನೋಡಲೇಬೇಡವಾ? ನೋಡಿ, ಆದರೆ ಬಿಡಿಭಾಗದ ಕಣ್ಣಿನಿಂದ ನೋಡಿ. ಕೈಗೆಟುಕುವ ದೂರದಲ್ಲಿ ಯಾವ ಕಂಪನಿಯ ಡೀಲರ್ ಇದ್ದಾರೆ? ಬಿಡಿಭಾಗ ಇಟ್ಟುಕೊಂಡಿದ್ದಾರಾ, ಸುಮ್ನೆ ಮಾರುತ್ತಾರಾ? ಸ್ಟಿಲ್ ಆಗಲಿ ಹಸ್ಕ್ವರ್ನಾ ಆಗಲಿ, ನನ್ನ ಆಯ್ಕೆ ನಿರ್ಧಾರವಾಗುವುದು ಇಲ್ಲೇ. ಮಕಿಟಾ 2022ರಲ್ಲಿ ಪೆಟ್ರೋಲ್ ಇಂಜಿನ್ ತಯಾರಿಕೆಯನ್ನೇ ನಿಲ್ಲಿಸಿತು. ಅದರ ಹಳೇ ಪೆಟ್ರೋಲ್ ಗರಗಸ ಕೊಳ್ಳುವವರು ಬಿಡಿಭಾಗದ ವಿಚಾರವನ್ನು ಮೊದಲೇ ಕೇಳಿಕೊಳ್ಳಲಿ. ಹೆಸರಾಂತ ಕಂಪನಿಗಳ ಬಣ್ಣ ಬಳಿದುಕೊಂಡ ನಕಲಿ ಗರಗಸಗಳನ್ನಂತೂ ದೂರ ಇಡಿ. ನಾನು ಬಿಚ್ಚಿದ ಕೆಲವದರಲ್ಲಿ ಸ್ಟಿಕರಿನ ಸಿಸಿಗೂ ಒಳಗಿನ ಸಿಲಿಂಡರಿಗೂ ತಾಳೆಯೇ ಇರಲಿಲ್ಲ. ಹಿಂದೊಗೆತದ (ಕಿಕ್‌ಬ್ಯಾಕ್) ಹೊತ್ತಿಗೆ ಅವುಗಳ ಚೈನ್ ಬ್ರೇಕ್ ಕೈಕೊಟ್ಟರೆ ಗತಿ ಏನು?

ಬಾರ್ ತುದಿಯ ಮೇಲ್ಭಾಗ ಮರಕ್ಕೆ ತಗುಲಿದ ಕೂಡಲೇ ಗರಗಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದ ಕಡೆಗೆ ಹಾರುತ್ತದೆ. ಅದೇ ಹಿಂದೊಗೆತ. ಮುಂದಿನ ಹಿಡಿಯ ಎದುರಿಗಿರುವ ತಡೆ ಬರೀ ಕೈ ಕಾಯುವುದಕ್ಕಲ್ಲ, ಅದೇ ಚೈನ್ ಬ್ರೇಕಿನ ಲಿವರ್. ಹಾಗಾಗಿ ದುಡ್ಡು ಕೊಡುವ ಮುಂಚೆ ಗರಗಸವನ್ನು ಸ್ಟಾರ್ಟ್ ಮಾಡಿಸಿ. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಒಂದು ಕ್ಷಣ ಆಕ್ಸಿಲರೇಟರ್ ಒತ್ತಿ, ಎಡಗೈ ಹಿಡಿ ಬಿಡದೆ ಮಣಿಕಟ್ಟಿನಿಂದ ಆ ತಡೆಯನ್ನು ಮುಂದಕ್ಕೆ ತಳ್ಳಿ. ಚೈನ್ ತಕ್ಷಣ ನಿಲ್ಲಬೇಕು. ನಿಲ್ಲಲಿಲ್ಲವಾ, ಯಾವ ಬ್ರಾಂಡ್ ಆದರೂ ಅಲ್ಲೇ ಬಿಟ್ಟು ಬನ್ನಿ.