ನಾಲ್ಕು ರೋಪ್ ಬೇಡ, ಎರಡು ಸಾಕು
ಮೈಸೂರಿನಲ್ಲಿ ಒಬ್ಬರು ಮೇಡಂ ಮನೆಗೆ ಕೆಲಸಕ್ಕೆ ಹೋಗಿದ್ದೆ. ಊರಿನ ಹಳೇ ಮನೆ ಕೆಡವಿದಾಗ ಸಿಕ್ಕಿದ ತೊಲೆಯಲ್ಲಿ ನಾಲ್ಕಡಿ ತುಂಡು ಕೊಯ್ಸಿ, ಅವರ ಮಗ ಮೂರು ಹೋಲ್ಡರ್ ಕೂರಿಸಿ ಲೈಟ್ ಮಾಡಿದ್ದ. ಚೆನ್ನಾಗೇ ಮಾಡಿದ್ದ. ಅದನ್ನು ಸ್ಟೀಲ್ ರೋಪಿನಲ್ಲಿ, ಅಂದರೆ ತೆಳು ಉಕ್ಕಿನ ಹಗ್ಗದಲ್ಲಿ, ಊಟದ ಟೇಬಲ್ ಮೇಲೆ ನೇತುಹಾಕಬೇಕಿತ್ತು.

"ನಾಲ್ಕು ಮೂಲೆಗೂ ಒಂದೊಂದು ರೋಪ್ ಹಾಕಪ್ಪಾ, ಗಟ್ಟಿ ಇರ್ಲಿ" ಅಂದರು.

ಎಲ್ಲರೂ ಹೇಳುವುದು ಇದನ್ನೇ. ಆದರೆ ನಾಲ್ಕು ಕಾಲಿನ ಸ್ಟೂಲ್ ಕುಂಟುತ್ತದೆ, ಮೂರು ಕಾಲಿನದು ಕುಂಟುವುದಿಲ್ಲ, ಅಲ್ವಾ? ಇಲ್ಲೂ ಅದೇ ಕಥೆ. ನಾಲ್ಕರಲ್ಲಿ ಒಂದು ರೋಪ್ ಯಾವಾಗಲೂ ಸಡಿಲ ಉಳಿಯುತ್ತದೆ, ಅದನ್ನು ಬಿಗಿ ಮಾಡಿದರೆ ಇನ್ನೊಂದು ಸಡಿಲ, ಬಿಳಿ ಗೋಡೆ ಎದುರಿಗೆ ಆ ಸೊಟ್ಟ ಗೆರೆಯೇ ಕಣ್ಣಿಗೆ ಹೊಡೆಯುತ್ತದೆ. ಉದ್ದನೆಯ ತೊಲೆಗೆ ಎರಡು ರೋಪ್ ಧಾರಾಳ. ತೊಲೆಯ ಮೇಲ್ಭಾಗದಲ್ಲಿ ಸರಿಯಾಗಿ ನಡುಗೆರೆಯ ಮೇಲೆ ಸಿಗಿಸಿದರೆ, ಭಾರ ಕೆಳಗಿರುವುದರಿಂದ ತಾನೇ ನೆಟ್ಟಗೆ ನಿಲ್ಲುತ್ತದೆ. ಹತ್ತು ಕಿಲೋ ಲೈಟಿಗೆ ಒಂದೂವರೆ ಎಂಎಂ ಸ್ಟೀಲ್ ರೋಪ್ ಸಾಕು. ಸೋಲುವುದು ರೋಪ್ ಅಲ್ಲ, ತುದಿಯಲ್ಲಿ ಹಾಕಿದ ಗಂಟು ಮತ್ತು ಸೀಲಿಂಗಿನ ಸ್ಕ್ರೂ.

ರೋಪನ್ನು ಓರೆಯಾಗಿ ಎಳೆಯುವ ಆಸೆ ಕೆಲವರಿಗೆ. ನೆಟ್ಟಗಿದ್ದಾಗ ಒಂದೊಂದು ರೋಪ್ ಅರ್ಧರ್ಧ ಭಾರ ಹೊರುತ್ತದೆ. ಸೀಲಿಂಗಿಗೆ 30 ಡಿಗ್ರಿ ಬರುವಷ್ಟು ಓರೆ ಮಾಡಿದರೆ ಒಂದೊಂದರ ಮೇಲೂ ಪೂರ್ತಿ ಲೈಟಿನ ಭಾರದಷ್ಟೇ ಎಳೆತ ಬೀಳುತ್ತದೆ. ಸುಮ್ನೆ ಯಾಕೆ?

ಅಂಗಡಿಯಿಂದ ತಂದ ರೋಪ್ ಸುರುಳಿ ಸುತ್ತಿಕೊಂಡೇ ಇರುತ್ತದೆ. ಹಿಂದಿನ ರಾತ್ರಿಯೇ ಕಿಟಕಿ ಸರಳಿಗೆ ಕಟ್ಟಿ, ಕೆಳಗೆ ಎರಡು ಇಟ್ಟಿಗೆ ನೇತುಹಾಕಿ ಬಿಡಿ. ಬೆಳಗ್ಗೆ ನೋಡಿದರೆ ಗೆರೆ ಎಳೆದ ಹಾಗಿರುತ್ತದೆ. ಆದರೆ ಒಂದು ಸಲ ಮಡಿಚಿದ ಗುರುತು ಬಿದ್ದರೆ ಅದು ಹೋಗುವುದಿಲ್ಲ, ಆ ತುಂಡು ಬಿಸಾಡಿ. ಕತ್ತರಿಸುವ ಜಾಗಕ್ಕೆ ಮೊದಲು ಟೇಪ್ ಸುತ್ತಿ, ಇಲ್ಲದಿದ್ದರೆ ಎಳೆಗಳು ಪೊರಕೆ ಹಾಗೆ ಬಿಚ್ಚಿಕೊಳ್ಳುತ್ತವೆ.

ತೂತು ಹೊಡೆಯುವ ಮುಂಚೆ ಎಂಸಿಬಿ ಆಫ್ ಮಾಡಿ. ಫ್ಯಾನ್ ಬಾಕ್ಸ್‌ನಿಂದ ಸ್ವಿಚ್‌ಬೋರ್ಡ್ ಗೋಡೆಯ ಕಡೆಗೆ ಸ್ಲ್ಯಾಬ್ ಒಳಗೆ ವೈರಿನ ಪೈಪ್ ಹೋಗಿರುತ್ತದೆ, ಆ ದಾರಿಯಲ್ಲಿ ಡ್ರಿಲ್ ಇಡಬೇಡಿ. ಜಾಗವನ್ನು ಅಳತೆ ಟೇಪ್ ಹಿಡಿದು ಸೀಲಿಂಗ್ ಮೇಲೆ ಹುಡುಕುವುದಕ್ಕಿಂತ, ಟೇಬಲ್ ಮೇಲೆ ಗುರುತು ಹಾಕಿ ತೂಗುಗುಂಡು ಬಿಟ್ಟು ಮೇಲಕ್ಕೆ ತಗೊಳ್ಳುವುದು ಸುಲಭ. ಜಿಪ್ಸಮ್ ಫಾಲ್ಸ್ ಸೀಲಿಂಗ್ ಇದ್ದರೆ ಬೋರ್ಡಿಗೆ ಸ್ಕ್ರೂ ಹಾಕಿ ನಂಬಬೇಡಿ, ಮೇಲಿನ ಸ್ಲ್ಯಾಬಿಗೇ ಫಾಸ್ಟನರ್ (ತೂತಿನೊಳಗೆ ಅಗಲಿ ಕಚ್ಚಿಕೊಳ್ಳುವ ಬೋಲ್ಟ್) ಕೊಡಿ.

ಇನ್ನು ವೈರು. ಅದರ ಕೆಲಸ ಕರೆಂಟ್ ತರುವುದು, ಭಾರ ಹೊರುವುದಲ್ಲ. ಶುರುವಿನ ದಿನಗಳಲ್ಲಿ ನಾನೇ ಒಂದು ಬಿದಿರು ಬುಟ್ಟಿ ಲೈಟನ್ನು ಬರೀ ವೈರಿನಲ್ಲಿ ಇಳಿಬಿಟ್ಟಿದ್ದೆ. ಕೆಲವು ತಿಂಗಳಲ್ಲೇ ಲೈಟ್ ಮಿಣಮಿಣ ಅನ್ನತೊಡಗಿತು, ಬಿಚ್ಚಿ ನೋಡಿದರೆ ಹೋಲ್ಡರ್ ಸ್ಕ್ರೂನಿಂದ ನ್ಯೂಟ್ರಲ್ ಅರ್ಧ ಜಾರಿತ್ತು. ಈಗ ಮೂರು ಕೋರಿನ (ಒಳಗೆ ಮೂರು ತಂತಿ ಇರುವ) ವೈರನ್ನು ಒಂದು ರೋಪಿನ ಪಕ್ಕದಲ್ಲೇ, ಒಂದೆರಡು ಇಂಚು ಸಡಿಲ ಬಿಟ್ಟು ಇಳಿಸುತ್ತೇನೆ. ಬಳ್ಳಿ ಹಾಗೆ ಸುತ್ತುವುದು ನನಗೆ ಹಿಡಿಸುವುದಿಲ್ಲ, ಅದು ನನ್ನ ರುಚಿ. ಲೋಹದ ಫ್ರೇಮ್ ಆದರೆ ಅರ್ತ್ ಕೊಡಲೇಬೇಕು.

ಮಟ್ಟ ನೋಡುವಾಗ ಸೀಲಿಂಗಿನಿಂದ ಅಳೆಯಬೇಡಿ. ಪ್ಲಾಸ್ಟರ್ ಏರುಪೇರು ಇದ್ದೇ ಇರುತ್ತದೆ. ರಸಮಟ್ಟವನ್ನು ತೊಲೆಯ ಮೇಲೇ ಇಟ್ಟು, ಗುಳ್ಳೆ ನಡುವೆ ಬರುವ ತನಕ ಗ್ರಿಪ್ಪರ್ (ರೋಪನ್ನು ಕಚ್ಚಿ ಹಿಡಿಯುವ ಕ್ಲಿಪ್) ಸರಿಸಿ. ಸರಿಸುವಾಗ ಯಾರಾದರೂ ಲೈಟನ್ನು ಕೆಳಗಿನಿಂದ ಎತ್ತಿ ಹಿಡಿಯಬೇಕು, ಭಾರ ಇದ್ದಾಗ ಗ್ರಿಪ್ಪರ್ ರೋಪನ್ನು ಬಿಡುವುದಿಲ್ಲ.

ಮೇಡಂ ಮನೆಯಲ್ಲಿ ಟೇಬಲ್ಲಿನಿಂದ 30 ಇಂಚು ಮೇಲೆ ನಿಲ್ಲಿಸಿದೆ. ಮಿಕ್ಕ ರೋಪ್ ಅವತ್ತೇ ಕತ್ತರಿಸದೆ ತೊಲೆಯ ಮೇಲೆ ಸುತ್ತಿಟ್ಟೆ. ಎರಡು ದಿನ ಬಿಟ್ಟು ಫೋನ್ ಬಂತು: "ಬಡಿಸೋಕೆ ಬಗ್ಗಿದ್ರೆ ತಲೆಗೆ ತಾಗುತ್ತೆ ಕಣಪ್ಪಾ, ನಾಲ್ಕಿಂಚು ಮೇಲೆತ್ತು." ಹೋಗಿ ಎತ್ತಿ ಬಂದೆ, ಅವರು ಕಾಫಿ ಸೋಸುವಷ್ಟರಲ್ಲಿ ಕೆಲಸ ಮುಗಿದಿತ್ತು.